ಗಾಯ್ತೊಂಡೆ ಬಗ್ಗೆ ಬರೆಯುತ್ತಿರುವ ಹುಡುಗನಿಗೆ

ಪ್ರೀತಿಯ ತಮ್ಮ,

ಅಮೂರ್ತ ಚಿತ್ರಕಾರ ಗಾಯ್ತೊಂಡೆ ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಮುಗಿಸಿದ ಮೇಲೆ ನನ್ನ ಕಣ್ಣ ಮುಂದೆ ಒಬ್ಬ ಸನ್ಯಾಸಿ ಕೂತಿದ್ದ. ಚಿತ್ರಕಾರ ಎಲ್ಲೂ ಕಾಣಲಿಲ್ಲ. ಮೌನ, ಏಕಾಂತ, ಧ್ಯಾನ ಪುಟಪುಟಕ್ಕೂ ಬರುತ್ತವೆ. ಬಣ್ಣ ಹಚ್ಚುವ ರೋಲರ್ ಮಾತ್ರ ಒಂದು ಕಡೆಯೂ ಇಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಕಷ್ಟ ಅರ್ಥವಾಗುತ್ತದೆ. ವಿ. ಎಸ್. ಗಾಯ್ತೊಂಡೆ ಅವರ ಬದುಕಿನಲ್ಲಿ ಕಥೆ ಮಾಡುವಂಥ ಘಟನೆಗಳು ಕಡಿಮೆ. 1924ರಲ್ಲಿ ನಾಗಪುರದಲ್ಲಿ ಹುಟ್ಟಿದರು, ಮನೆಯವರು ಗೋವಾ ಕಡೆಯವರು. ಬೆಳೆದದ್ದು ಮುಂಬೈನ ಗಿರ್ಗಾಂವ್‌ನ ಚಾಳಿನಲ್ಲಿ. 1948ರಲ್ಲಿ ಜೆ. ಜೆ. ಸ್ಕೂಲ್ ಆಫ್ ಆರ್ಟ್‌ನಿಂದ ಡಿಪ್ಲೊಮಾ. ಮದುವೆಯಾಗಲಿಲ್ಲ. 1971ರಲ್ಲಿ ಪದ್ಮಶ್ರೀ ಬಂತು. ಮರುವರ್ಷ ದೆಹಲಿಗೆ ಹೋಗಿ ನಿಜಾಮುದ್ದೀನ್ ಈಸ್ಟ್‌ನ ಒಂದು ಬರ್ಸಾತಿಯಲ್ಲಿ, ಅಂದರೆ ತಾರಸಿ ಮೇಲಿನ ಸಣ್ಣ ಮನೆಯಲ್ಲಿ, ಒಬ್ಬರೇ ಇದ್ದರು. 2001ರಲ್ಲಿ ತೀರಿಕೊಂಡರು. ಹೆಚ್ಚು ಮಾತಾಡಲಿಲ್ಲ, ಬಹಳಷ್ಟು ಚಿತ್ರಗಳಿಗೆ ಹೆಸರನ್ನೂ ಇಡಲಿಲ್ಲ. ಇಷ್ಟರಲ್ಲಿ ಏನು ಬರೆಯೋದು ಅಂತ ಯಾರಿಗಾದರೂ ಅನ್ನಿಸುತ್ತದೆ. ಖಾಲಿ ಜಾಗ ಕಂಡ ಕೂಡಲೇ ನಾವು ಅಲ್ಲೊಬ್ಬ ಋಷಿಯನ್ನು ತಂದು ಕೂರಿಸಿಬಿಡುತ್ತೇವೆ. ಸುಲಭ ಅಲ್ವಾ?

ಅವರು ಜೆನ್ ಬೌದ್ಧ ಚಿಂತನೆಯನ್ನು ಓದುತ್ತಿದ್ದರು. ರಮಣ ಮಹರ್ಷಿ, ನಿಸರ್ಗದತ್ತ ಮಹಾರಾಜ್ ಇವರ ಮಾತುಗಳು ಅವರಿಗೆ ಹಿಡಿಸಿದ್ದವು. ಇದನ್ನು ತೆಗೆದುಹಾಕು ಅಂತ ನಾನು ಹೇಳುತ್ತಿಲ್ಲ. ಆದರೆ ಧ್ಯಾನ ಮಾಡುವವರು ಊರ ತುಂಬಾ ಇದ್ದಾರೆ, ಅವರೆಲ್ಲ ಗಾಯ್ತೊಂಡೆ ಆಗಲಿಲ್ಲ. ಮಧ್ಯೆ ಕೈಕೆಲಸ ಅಂತ ಒಂದಿದೆಯಲ್ಲ, ಅದನ್ನು ಬರೆ.

ಆ ಕೈ ಏನೇನು ಮಾಡಿತು ನೋಡು. ಶುರುವಿನಲ್ಲಿ ಅವರೂ ಮನುಷ್ಯರ ಚಿತ್ರ ಬರೆದವರೇ. ಜೈನ ಮತ್ತು ಬಸೋಹ್ಲಿ (ಹಿಮಾಲಯದ ತಪ್ಪಲಿನ ಒಂದು ಶೈಲಿ) ಕಿರುಚಿತ್ರಗಳ ಗಟ್ಟಿ ಬಣ್ಣ ಆಗಿನ ಕೆಲಸದಲ್ಲಿ ಕಾಣುತ್ತದೆ. ಆಮೇಲೆ ಯುರೋಪಿನ ಚಿತ್ರಕಾರ ಪಾಲ್ ಕ್ಲೇಯ ಪ್ರಭಾವ ಬಂತು. ಗೆರೆ ನಿಧಾನವಾಗಿ ಮುಖ, ಮೈ ಬಿಟ್ಟು ತನ್ನ ಪಾಡಿಗೆ ಓಡಾಡತೊಡಗಿತು. 1950ರ ದಶಕ ಮುಗಿಯುವ ಹೊತ್ತಿಗೆ ಆಕೃತಿಗಳು ಹೊರಟೇ ಹೋಗಿದ್ದವು. ಕುಂಚದ ಕೆಲಸವನ್ನು ರೋಲರ್ ಮತ್ತು ಪ್ಯಾಲೆಟ್ ನೈಫ್ (ಬಣ್ಣ ಹಚ್ಚುವ, ಕೆರೆಯುವ ಚಪ್ಪಟೆ ಚಾಕು) ಮಾಡತೊಡಗಿದವು. ಬಣ್ಣ ಹಚ್ಚುವುದು, ಎಳೆಯುವುದು, ಕೆರೆಯುವುದು, ಅದರ ಮೇಲೆ ಮತ್ತೆ ಹಚ್ಚುವುದು. ಹಳೇ ಗೋಡೆಗೆ ತೆಳುವಾಗಿ ಸುಣ್ಣ ಹೊಡೆದಾಗ ಹಿಂದಿನ ಬಣ್ಣ ಇಣುಕುತ್ತದಲ್ಲ, ಹಾಗೆ ಕೆಳಗಿನ ಪದರ ಅಲ್ಲಲ್ಲಿ ಉಳಿಯುತ್ತದೆ. ಮುಂದೆ ಇದಕ್ಕೆ ಕಾಗದವೂ ಸೇರಿತು. ಕಾಗದದ ಚೂರುಗಳನ್ನು ಬಣ್ಣದ ಜೊತೆ ಕ್ಯಾನ್ವಾಸಿಗೆ ಒತ್ತಿ ಎತ್ತುತ್ತಿದ್ದರು. ಎತ್ತಿದ ಮೇಲೆ ಉಳಿದ ಗುರುತುಗಳೇ ಆ ವಿಚಿತ್ರ ಆಕಾರಗಳು.

ನೀನು ಅವುಗಳನ್ನು ‘ಯಾವುದೋ ಪುರಾತನ ಲಿಪಿ’ ಅಂದಿದ್ದೀಯ. ಅನ್ನು, ತಕರಾರಿಲ್ಲ. ಆದರೆ ಅದು ಒತ್ತಿ ಎತ್ತಿದ ಕಾಗದದ ಗುರುತು ಅಂತ ಮೊದಲು ಹೇಳು. ಓದುವವನ ಬೆರಗೇನೂ ಕಡಿಮೆಯಾಗುವುದಿಲ್ಲ, ಜಾಸ್ತಿಯೇ ಆಗುತ್ತದೆ.

ವರ್ಷಕ್ಕೆ ಐದಾರು ಚಿತ್ರ ಮಾತ್ರ ಮುಗಿಸುತ್ತಿದ್ದರು ಅನ್ನುವುದನ್ನು ನೀನು ತಪಸ್ಸು ಅಂತ ಬರೆದು ಮುಂದೆ ಹೋಗಿದ್ದೀಯ. ಸ್ವಲ್ಪ ನಿಲ್ಲು. ಎಣ್ಣೆ ಬಣ್ಣ ಒಣಗುವುದಕ್ಕೆ ಸಮಯ ಬೇಕು. ಹಸಿಯಿದ್ದಾಗ ಕೆರೆದರೆ ಒಂದು ಥರದ ಗುರುತು, ಅರ್ಧ ಒಣಗಿದಾಗ ಕೆರೆದರೆ ಇನ್ನೊಂದು ಥರ. ಹದ ತಪ್ಪಿದರೆ ಎರಡು ಬಣ್ಣ ಕಲಸಿ ರಾಡಿಯಾಗುತ್ತದೆ. ಅವರು ಯೋಚಿಸುವುದಕ್ಕೂ ಬಹಳ ಸಮಯ ತೆಗೆದುಕೊಳ್ಳುತ್ತಿದ್ದರು, ಅದು ಸರಿ. ಆದರೆ ಸುಮ್ನೆ ಕಾಯುವುದು ಆ ಕೆಲಸದ ಒಳಗೇ ಇದೆ. ಯಾರಾದರೂ ಎಣ್ಣೆ ಬಣ್ಣದಲ್ಲಿ ಕೆಲಸ ಮಾಡುವವರ ಸ್ಟುಡಿಯೋದಲ್ಲಿ ಒಂದು ಮಧ್ಯಾಹ್ನ ಕೂತು ನೋಡು. ಹತ್ತು ಪುಸ್ತಕ ಓದಿದರೂ ಇದು ತಿಳಿಯುವುದಿಲ್ಲ.

ಇನ್ನು ಆ ಏಕಾಂತದ ವಿಚಾರ. ಗಾಯ್ತೊಂಡೆ 1950ರಲ್ಲಿ ಮುಂಬೈನ ಆಧುನಿಕ ಚಿತ್ರಕಾರರ ಗುಂಪಾದ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಸೇರಿದರು. ಆಮೇಲೆ ಮುಂಬೈನ ವಾರ್ಡನ್ ರೋಡಿನ ಭೂಲಾಭಾಯಿ ದೇಸಾಯಿ ಇನ್‌ಸ್ಟಿಟ್ಯೂಟ್‌ನಲ್ಲಿ ಅವರಿಗೊಂದು ಸ್ಟುಡಿಯೋ ಇತ್ತು. ಸಮುದ್ರದ ದಡದ ಮನೆ ಅದು. ಅಲ್ಲೇ ಚಿತ್ರಕಾರ ಎಂ. ಎಫ್. ಹುಸೇನ್ ಕೆಲಸ ಮಾಡುತ್ತಿದ್ದರು. ಸಿತಾರ್ ವಾದಕ ರವಿಶಂಕರ್ ಅವರ ಸಂಗೀತ ಶಾಲೆ ಅಲ್ಲಿತ್ತು. ರಂಗ ನಿರ್ದೇಶಕ ಇಬ್ರಾಹಿಂ ಅಲ್ಕಾಜಿಯವರ ನಾಟಕ ಮೇಲಿನ ತಾರಸಿಯಲ್ಲಿ ನಡೆಯುತ್ತಿತ್ತು. ಚಿತ್ರಕಲಾವಿದೆ ನಸ್ರೀನ್ ಮೊಹಮದಿ ಆಗಿನ್ನೂ ಚಿಕ್ಕವರು, ಅವರಿಗೂ ಅಲ್ಲೊಂದು ಜಾಗ ಇತ್ತು. ಗಾಯ್ತೊಂಡೆಗೂ ಅವರಿಗೂ ಒಳ್ಳೆಯ ಸ್ನೇಹ. ಮುಂದೆ ನಸ್ರೀನ್ ಬರೀ ಗೆರೆಗಳಲ್ಲೇ ಎಷ್ಟು ದೂರ ಹೋದರು ಅನ್ನೋದು ಬೇರೆಯದೇ ಒಂದು ಲೇಖನ, ಅದನ್ನೂ ನೀನೇ ಬರೆಯಬೇಕು ಅಂತ ನನ್ನ ಆಸೆ. ಇರಲಿ. ಇಂಥ ಗಲಾಟೆಯ ಮನೆಯಲ್ಲಿ ಕೆಲಸ ಮಾಡಿದವರನ್ನು ನೀನು ಯಾಕಪ್ಪಾ ಮೊದಲ ಪುಟದಲ್ಲೇ ಗುಹೆಗೆ ಕಳಿಸಿದ್ದು? ಜನ ದೂರವಾದದ್ದು ಆಮೇಲೆ, ದೆಹಲಿಯಲ್ಲಿ, ನಿಧಾನಕ್ಕೆ. ಆ ನಿಧಾನ ನಿನ್ನ ಲೇಖನದಲ್ಲೂ ಇರಲಿ.

ಅವರ ಹೊಟ್ಟೆಪಾಡು ಹೇಗೆ ನಡೆಯಿತು ಅಂತಲೂ ಓದುಗರು ಕೇಳುತ್ತಾರೆ. ನೀನು ಆ ಕಡೆ ತಿರುಗಿಯೇ ನೋಡಿಲ್ಲ. ಜಹಾಂಗೀರ್ ಆರ್ಟ್ ಗ್ಯಾಲರಿ ಶುರುವಾದದ್ದು 1952ರಲ್ಲಿ, ಪುಂಡೋಳೆ ಗ್ಯಾಲರಿ 1963ರಲ್ಲಿ. ಅಂದರೆ ಅವರು ಕಲಿತು ಹೊರಬಂದಾಗ ಚಿತ್ರ ಕೊಳ್ಳುವ ಪದ್ಧತಿಯೇ ಸರಿಯಾಗಿ ಹುಟ್ಟಿರಲಿಲ್ಲ. ವಿಜ್ಞಾನಿ ಹೋಮಿ ಭಾಭಾ ಅವರು ತಮ್ಮ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಮುಂಬೈ ಕಲಾವಿದರ ಚಿತ್ರಗಳನ್ನು ಕೊಳ್ಳುತ್ತಿದ್ದರು. ಆ ಸಂಗ್ರಹದಲ್ಲಿ ಗಾಯ್ತೊಂಡೆ ಇದ್ದಾರೆ. ವಿಜ್ಞಾನದ ಒಂದು ಸಂಸ್ಥೆ ಹೀಗೆ ಬಣ್ಣಕ್ಕೆ ದುಡ್ಡು ಕೊಟ್ಟ ಕಾಲ ಅದು. ಇದು ಎರಡು ಪ್ಯಾರಾಕ್ಕೆ ಆಗುವಷ್ಟು ವಿಷಯ.

1964ರಲ್ಲಿ ರಾಕ್‌ಫೆಲರ್ ಫೆಲೋಶಿಪ್ ಸಿಕ್ಕಿ ನ್ಯೂಯಾರ್ಕ್‌ಗೆ ಹೋದರು. ಇಲ್ಲಿ ನೀನು ‘ಭಾರತದ ರಾತ್ಕೊ’ ಅಂತ ಬರೆದಿದ್ದೀಯ. ರಾತ್ಕೊ ಅಮೆರಿಕಾದ ಅಮೂರ್ತ ಚಿತ್ರಕಾರ. ಆ ಹೋಲಿಕೆಯನ್ನು ದಯವಿಟ್ಟು ಹೊಡೆದುಹಾಕು. ಅಮೆರಿಕಾ ನೋಡುವ ಮುಂಚೆಯೇ ಅವರು ಆಕೃತಿ ಬಿಟ್ಟಾಗಿತ್ತು. ಅಲ್ಲಿಂದ ಬಂದ ಮೇಲೆ ಏನು ಬದಲಾಯಿತು ಅಂತ ಬೇಕಾದರೆ ನೋಡು. 1960ರ ದಶಕದ ಕೊನೆಯ ಹೊತ್ತಿಗೆ ಅಡ್ಡಡ್ಡ ಮಲಗುತ್ತಿದ್ದ ಕ್ಯಾನ್ವಾಸು ಎದ್ದು ನಿಂತಿತು. ಅಡ್ಡ ಇದ್ದಾಗ ನೋಡಿದವರೆಲ್ಲ ಸಮುದ್ರ, ದಿಗಂತ ಅನ್ನುತ್ತಿದ್ದರು. ಉದ್ದಕ್ಕೆ ನಿಂತ ಮೇಲೆ ಹಾಗೆ ಹೇಳುವುದು ಕಷ್ಟ. ಹೊರಗಿನ ಯಾವ ವಸ್ತುವಿನಿಂದಲೂ ತನ್ನ ಚಿತ್ರ ಹೊರಟಿಲ್ಲ ಅನ್ನುವುದು ಅವರ ನಿಲುವಾಗಿತ್ತು. ಅದಕ್ಕಾದರೂ ಮರ್ಯಾದೆ ಕೊಟ್ಟು ನಿನ್ನ ಲೇಖನದ ಮಂಜು, ಅಲೆ, ಬೆಳದಿಂಗಳು ಎಲ್ಲವನ್ನೂ ಒಂದು ಸಲ ತೆಗೆದು ನೋಡು.

ತೆಗೆದರೆ ಏನು ಉಳಿಯುತ್ತದೆ ಅಂತ ಕೇಳುತ್ತೀಯ. ಬೇಕಾದಷ್ಟು ಉಳಿಯುತ್ತದೆ. ಚಿತ್ರ ಎಷ್ಟು ದೊಡ್ಡದು? ನಿನ್ನ ಎತ್ತರಕ್ಕಿಂತ ಹೆಚ್ಚೋ ಕಡಿಮೆಯೋ? ಕಣ್ಣು ಮೊದಲು ಎಲ್ಲಿ ನಿಂತಿತು? ಬಣ್ಣ ಎಲ್ಲಿ ದಪ್ಪ, ಎಲ್ಲಿ ಬಟ್ಟೆಯ ನೇಯ್ಗೆ ಕಾಣುವಷ್ಟು ತೆಳು? ಯಾವ ಅಂಚು ಚೂಪಾಗಿದೆ, ಯಾವುದು ಕರಗಿದೆ? ಯಾವುದರ ಮೇಲೆ ಯಾವುದು ಬಂದಿದೆ? ಇದನ್ನೆಲ್ಲ ಬರೆದು, ಆಮೇಲೂ ಒಂದು ಹೋಲಿಕೆಯ ‘ಹಾಗೆ’ ಬೇಕು ಅನ್ನಿಸಿದರೆ ಒಂದೇ ಒಂದು ಇಟ್ಟುಕೋ. ಮೊಬೈಲಿನಲ್ಲಿ ನೋಡಿ ಬರೆಯಬೇಡ. ಮೊಬೈಲಿನಲ್ಲಿ ದಪ್ಪವೂ ಇಲ್ಲ, ಅಳತೆಯೂ ಇಲ್ಲ. ಈ ಚಿತ್ರಗಳಲ್ಲಿ ಮುಕ್ಕಾಲು ಪಾಲು ಇರುವುದೇ ಅವೆರಡರಲ್ಲಿ.

1984ರ ಅಪಘಾತವನ್ನು ನೀನು ಕಣ್ಣೀರು ಬರುವ ಹಾಗೆ ಬರೆದಿದ್ದೀಯ. ನನಗೆ ಅದು ಇಷ್ಟವಾಗಲಿಲ್ಲ. ಕುತ್ತಿಗೆಗೆ ಪೆಟ್ಟಾಗಿ ಕೆಲವು ವರ್ಷ ದೊಡ್ಡ ಕ್ಯಾನ್ವಾಸ್ ಮುಟ್ಟಲು ಆಗಲಿಲ್ಲ. ಆಗ ಅವರು ಕಾಗದದ ಮೇಲೆ ಇಂಕಿನಲ್ಲಿ ಚಿಕ್ಕ ಚಿಕ್ಕ ಚಿತ್ರ ಮಾಡಿದರು. ತೋಳು ಬೀಸಿ ಮಾಡುವ ಕೆಲಸ ನಿಂತು, ಕೈಗೆ ಎಟಕುವಷ್ಟೇ ಅಳತೆಯ ಕೆಲಸ ಬಂತು. ನೋವಿನ ಬಗ್ಗೆ ಎರಡು ಪುಟ ಬರೆದವನು ಈ ಚಿತ್ರಗಳಿಗೆ ಅರ್ಧ ಸಾಲು ಕೊಟ್ಟಿದ್ದೀಯ. ಉಲ್ಟಾ ಮಾಡು. ನಂತರ ಅವರು ಮತ್ತೆ ದೊಡ್ಡ ಕ್ಯಾನ್ವಾಸಿಗೆ ಮರಳಿದರು ಅನ್ನುವುದು ನಿನ್ನಲ್ಲಿ ಇಲ್ಲವೇ ಇಲ್ಲ.

ಕೊನೆಗೆ ದುಡ್ಡು. ನೀನು ಶುರು ಮಾಡಿರುವುದೇ ಅಲ್ಲಿಂದ. 2013ರ ಡಿಸೆಂಬರಿನಲ್ಲಿ ಹರಾಜು ಸಂಸ್ಥೆ ಕ್ರಿಸ್ಟೀಸ್ ಮುಂಬೈಯಲ್ಲಿ ಮಾಡಿದ ಹರಾಜಿನಲ್ಲಿ ಅವರ 1979ರ ಚಿತ್ರ 23.7 ಕೋಟಿಗೆ ಹೋಯಿತು. 2015ರಲ್ಲಿ ಇನ್ನೊಂದು 29.3 ಕೋಟಿ. ಮೊದಲ ಸಾಲಿಗೇ ಕೋಟಿ ಬಂದರೆ ಆಮೇಲೆ ಬರುವ ಪ್ರತಿ ಚಿತ್ರಕ್ಕೂ ಓದುಗ ಮನಸ್ಸಿನಲ್ಲೇ ಬೆಲೆ ಕಟ್ಟುತ್ತಾ ಹೋಗುತ್ತಾನೆ. ಕೆಳಗೆ ಹಾಕು. ಹಾಕುವಾಗ 2013ರ ಆ ಹರಾಜಿನ ಹೊತ್ತಿಗೆ ಅವರು ತೀರಿಕೊಂಡು ಹನ್ನೆರಡು ವರ್ಷವಾಗಿತ್ತು ಅಂತಲೂ ಬರೆ. ನಮ್ಮ ಕಾಪಿರೈಟ್ ಕಾಯ್ದೆಯ 53ಎ ಕಲಂ ಓದಿದ್ದೀಯಾ? ಮೂಲ ಚಿತ್ರ ಹತ್ತು ಸಾವಿರಕ್ಕಿಂತ ಹೆಚ್ಚಿಗೆ ಮರುಮಾರಾಟವಾದರೆ ಕಲಾವಿದನಿಗೆ ಅಥವಾ ವಾರಸುದಾರರಿಗೆ ಪಾಲು ಕೇಳುವ ಹಕ್ಕಿದೆ, ಅದು ಶೇ. 10ಕ್ಕೆ ಮೀರುವಂತಿಲ್ಲ. ಕಾಗದದಲ್ಲಿರುವ ಈ ಹಕ್ಕು ಯಾರ ಕೈಗೆ ಬರುತ್ತದೆ ಅಂತ ಗ್ಯಾಲರಿಯವರನ್ನೂ ಕಲಾವಿದರನ್ನೂ ಕೇಳು. 2014ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂ ಅವರ ದೊಡ್ಡ ಪ್ರದರ್ಶನ ಇಟ್ಟಿತಲ್ಲ, ಅದು ಹರಾಜಿಗಿಂತ ಹೆಚ್ಚು ಜಾಗ ಪಡೆಯಬೇಕು. ಸದ್ಯಕ್ಕೆ ನಿನ್ನಲ್ಲಿ ಬರೀ ಒಂದು ವಾಕ್ಯ ಇದೆ.

ಪೂರ್ತಿ ಲೇಖನ ತಿದ್ದಿ ಕಳಿಸುವ ಆತುರ ಬೇಡ. ಮೊದಲು ಒಂದೇ ಚಿತ್ರದ ಬಗ್ಗೆ ಎರಡು ಪುಟ ಬರೆದು ಕಳಿಸು. ದೆಹಲಿಯ ಜೈಪುರ್ ಹೌಸ್‌ನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಸಂಗ್ರಹದಲ್ಲಿ ಅವರ ಕೆಲಸ ಇದೆ. ಈಗ ಗೋಡೆಯ ಮೇಲಿದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೊರಡು. ಸೋಮವಾರ ಹೋಗಬೇಡ, ಅವತ್ತು ಬಾಗಿಲು ಹಾಕಿರುತ್ತದೆ.

ನಿನ್ನ
ಅಕ್ಕ