ಖಾಲಿ ಬ್ಯಾರಲ್ ಖಾಲಿಯಾಗಿರುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ಊರಿನಿಂದ ನನ್ನ ತಮ್ಮ ಫೋನ್ ಮಾಡಿದ್ದ. ಸಾಗರದ ಹತ್ತಿರ ನಮ್ಮದು ಸ್ವಲ್ಪ ಅಡಿಕೆ ತೋಟ ಇದೆ. ‘ಅಕ್ಕಾ, ಒಂದು ಕಬ್ಬಿಣದ ಬ್ಯಾರಲ್ ಸಿಕ್ಕಿದೆ. ಗುಜರಿಯವನು ಕಮ್ಮಿ ರೇಟಿಗೆ ಕೊಡ್ತಿದ್ದಾನೆ. ಮೇಲಿನ ತಗಡು ಗ್ಯಾಸ್ ಕಟ್ಟರ್‌ನಲ್ಲಿ ಕೊಯ್ಸಿಬಿಟ್ರೆ ತೋಟಕ್ಕೆ ಹೊಡೆಯೋ ಬೋರ್ಡೋ ಮದ್ದು ಮಾಡೋಕೆ ಆಗುತ್ತೆ ಅಲ್ವಾ?’ ಅಂದ. ‘ಅದರೊಳಗೆ ಮೊದಲು ಏನಿತ್ತೋ?’ ಅಂತ ಕೇಳಿದೆ. ‘ಏನೂ ಇಲ್ಲ ಅಕ್ಕಾ, ಖಾಲಿ ಇದೆ’ ಅಂದ. ನಾನು ಕೇಳಿದ್ದು ಅದಲ್ಲ.

ಈ ‘ಖಾಲಿ’ ಅನ್ನುವ ಮಾತಿಗಾಗಿಯೇ ನಿಮಗೆ ಬರೆಯುತ್ತಿದ್ದೇನೆ. ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ 27 ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ಎಣ್ಣೆ, ಗ್ರೀಸು, ತಿನ್ನರು, ಪೇಂಟು ಎಲ್ಲವೂ ಬ್ಯಾರಲ್‌ನಲ್ಲೇ ಬರುತ್ತಿದ್ದವು. ಸೇರಿದ ಹೊಸತರಲ್ಲಿ ‘ಸ್ಟೋರ್ಸಿಗೆ ಹೆಂಗಸಾ?’ ಅಂತ ಹಮಾಲಿಗಳು ನಗುತ್ತಿದ್ದರು. ಒಂದು ವರ್ಷ ಕಳೆಯುವುದರೊಳಗೆ ಬ್ಯಾರಲ್ಲನ್ನು ಓರೆ ಮಾಡಿ, ಅಂಚಿನ ಮೇಲೆ ಉರುಳಿಸಿಕೊಂಡು ಹೋಗುವುದನ್ನು ಅವರಿಂದಲೇ ಕಲಿತೆ. ತುಂಬಿದ್ದಲ್ಲ, ಬರಿದಾದದ್ದು. ತುಂಬಿದ ಎಣ್ಣೆ ಬ್ಯಾರಲ್ ಹತ್ತಿರ ಹತ್ತಿರ 200 ಕೆಜಿ ತೂಗುತ್ತದೆ.

ನಮ್ಮ ಹಿಂದಿನ ಶೆಡ್‌ನಲ್ಲಿ ಒಂದು ಸಣ್ಣ ಫ್ಯಾಬ್ರಿಕೇಶನ್ ಕೆಲಸ ನಡೆಯುತ್ತಿತ್ತು. ಒಂದು ದಿನ ಅಲ್ಲಿಯ ಹುಡುಗನೊಬ್ಬ ಕಸದ ತೊಟ್ಟಿ ಮಾಡೋಣ ಅಂತ ತಿನ್ನರ್ ಬ್ಯಾರಲ್ಲಿಗೆ ಗ್ರೈಂಡರ್ ಹಚ್ಚಿದ. ಟ್ರಾನ್ಸ್‌ಫಾರ್ಮರ್ ಸಿಡಿಯಿತು ಅಂದುಕೊಂಡು ನಾವೆಲ್ಲ ಹೊರಗೆ ಓಡಿ ಬಂದೆವು. ಬ್ಯಾರಲ್ಲಿನ ತಲೆ ಅವರ ಚಾವಣಿಯ ಶೀಟು ಒಡೆದುಕೊಂಡು ಹಾರಿ, ನಮ್ಮ ಸೈಕಲ್ ಸ್ಟ್ಯಾಂಡಿನ ಪಕ್ಕ ಬಿದ್ದಿತ್ತು. ಅದು ತಟ್ಟೆಯ ಹಾಗೆ ಚಪ್ಪಟೆ ಇರಬೇಕಾದದ್ದು, ಬಾಣಲೆಯ ಹಾಗೆ ಬಾಗಿತ್ತು. ಹುಡುಗ ಬದುಕಿದ. ಬಲಗೈಯ ಎರಡು ಬೆರಳು ಹೋದವು. ‘ಎರಡು ಸಲ ನೀರು ಹಾಕಿ ತೊಳೆದಿದ್ದೆ, ರಾತ್ರಿಯೆಲ್ಲ ತೆರೆದಿಟ್ಟಿದ್ದೆ’ ಅಂತ ಅವನು ಹೇಳಿದ್ದು ಸುಳ್ಳಲ್ಲ. ನಾನೇ ನೋಡಿದ್ದೆ.

ಹಾಗಾದರೆ ಉಳಿದದ್ದು ಎಲ್ಲಿ? ಬ್ಯಾರಲ್ಲಿನ ತಲೆಯ ತಗಡನ್ನೂ ಮೈಯ ತಗಡನ್ನೂ ಒಟ್ಟಿಗೆ ಮಡಚಿ ಒತ್ತಿರುತ್ತಾರೆ. ಆ ಮಡಿಕೆಯ ಸಂದಿಯಲ್ಲಿ ಕೂತದ್ದು ಸುಮ್ನೆ ಗಲಬರಿಸಿದರೆ ಹೊರಗೆ ಬರುವುದಿಲ್ಲ. ಎಷ್ಟು ಉಳಿದರೆ ಅಪಾಯ ಅಂತ ಆಮೇಲೆ ನಾನೇ ಕೂತು ಲೆಕ್ಕ ಹಾಕಿದೆ. ತಿನ್ನರ್‌ನಲ್ಲಿ ಸಾಮಾನ್ಯವಾಗಿ ಟೊಲ್ಯೂನ್ ಇರುತ್ತದೆ. ಅದರ ಆವಿ ಗಾಳಿಯಲ್ಲಿ ನೂರಕ್ಕೆ ಒಂದು ಪಾಲಿಗಿಂತ ಚೂರು ಜಾಸ್ತಿ ಆದರೆ ಸಾಕು, ಕಿಡಿಗೆ ಹತ್ತಿಕೊಳ್ಳುತ್ತದೆ. 200 ಲೀಟರ್ ಹಿಡಿಯುವ ಬ್ಯಾರಲ್ಲಿಗೆ ಅಷ್ಟು ಆವಿ ಬರಲು ಬೇಕಾದ ಟೊಲ್ಯೂನ್ ಸುಮಾರು 10 ಮಿಲಿಲೀಟರ್. ಅಂದರೆ ಎರಡು ಟೀ ಚಮಚ. ತುಂಬಿದ ಬ್ಯಾರಲ್‌ನಲ್ಲಿ ಆವಿಗೂ ಗಾಳಿಗೂ ಇರುವ ಜಾಗ ತೀರಾ ಕಮ್ಮಿ. ಬರಿದಾದದ್ದರಲ್ಲಿ ಎರಡಕ್ಕೂ ಬೇಕಾದಷ್ಟು ಜಾಗ. ಮೂಸಿ ನೋಡಿ ವಾಸನೆ ಇಲ್ಲ ಅಂತ ನಂಬುವುದೂ ತಪ್ಪು. ಎಂಜಿನ್ ಆಯಿಲ್ ತಣ್ಣಗಿದ್ದಾಗ ಸುಮ್ಮನಿರುತ್ತದೆ, ಗ್ಯಾಸ್ ಕಟ್ಟರ್‌ನ ಕಾವು ತಾಗಿದಾಗ ಅದೂ ಆವಿಯಾಗುತ್ತದೆ.

ಡಾಂಬರು ಡ್ರಮ್ ಬಿಡಿಸಿ ಬಡಿದು ಮಾಡಿದ ಗೋಡೆ, ಗೇಟು, ಬಚ್ಚಲಿನ ಮರೆ ನಮ್ಮ ಕಡೆ ಯಾವ ಊರಲ್ಲಿ ಇಲ್ಲ ಹೇಳಿ. ಅದನ್ನು ನೋಡಿ ನೋಡಿ ಬ್ಯಾರಲ್ ಕೊಯ್ಯುವುದು ಅಂದರೆ ತೆಂಗಿನಕಾಯಿ ಒಡೆದಷ್ಟೇ ಅಂತ ನಮ್ಮ ಜನಕ್ಕೆ ಅನ್ನಿಸಿಬಿಟ್ಟಿದೆ.

ತಮ್ಮನ ಎರಡನೇ ತಪ್ಪು ಬೇರೆ ಥರದ್ದು. ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕೊಳೆರೋಗಕ್ಕೆ ಹೊಡೆಯುವ ಮದ್ದು. ಮೈಲುತುತ್ತದ ನೀರನ್ನು ಕಬ್ಬಿಣಕ್ಕೆ ಹಾಕಿದರೆ ಅದರಲ್ಲಿರುವ ತಾಮ್ರ ಹೋಗಿ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ದ್ರಾವಣ ಸರಿ ಇದೆಯಾ ಅಂತ ನೋಡಲು ಅಪ್ಪ ಅದರೊಳಗೆ ಕತ್ತಿ ಅದ್ದಿ ತೆಗೆಯುತ್ತಿದ್ದರು. ಕತ್ತಿ ಕೆಂಪಗಾದರೆ ಇನ್ನಷ್ಟು ಸುಣ್ಣ ಅಂತ ಅರ್ಥ. ಅದೇ ಅಪ್ಪನ ಮಗ ಈಗ ಇಡೀ ಬ್ಯಾರಲ್ಲನ್ನೇ ಕತ್ತಿ ಮಾಡಲು ಹೊರಟಿದ್ದಾನೆ! ಮರಕ್ಕೆ ಹೋಗಬೇಕಾದ ತಾಮ್ರ ತಗಡಿಗೆ ಹೋಗುತ್ತದೆ, ತಗಡೂ ಬೇಗ ತೂತಾಗುತ್ತದೆ. ಇದಕ್ಕೆ ಪ್ಲಾಸ್ಟಿಕ್ ಡ್ರಮ್ಮೇ ಸರಿ.

ಕಬ್ಬಿಣ ಗಟ್ಟಿ, ಹಾಗಾಗಿ ಏನನ್ನಾದರೂ ಹಾಕಬಹುದು ಅನ್ನುವವರು ಕಾರ್ಖಾನೆಯಲ್ಲೂ ಇದ್ದರು. ಒಮ್ಮೆ ಪ್ಲೇಟಿಂಗ್ ಕಡೆಯವರು ಉಳಿದ ಹೈಡ್ರೋಕ್ಲೋರಿಕ್ ಆಸಿಡ್ಡನ್ನು ಸ್ಟೀಲ್ ಬ್ಯಾರಲ್ಲಿಗೆ ಸುರಿದು, ಬಂಗ್ (ತಲೆಯ ಮೇಲಿನ ತೂತಿಗೆ ಹಾಕುವ ತಿರುಪಿನ ಮುಚ್ಚಳ) ಬಿಗಿ ಮಾಡಿ ಊಟಕ್ಕೆ ಹೋದರು. ಬಂದು ನೋಡಿದರೆ ತಲೆ ಪೂರಿಯ ಹಾಗೆ ಉಬ್ಬಿದೆ. ಆಸಿಡ್ ಕಬ್ಬಿಣ ತಿನ್ನುತ್ತಾ ಹೈಡ್ರೋಜನ್ ಬಿಡುತ್ತಿತ್ತು. ಎಲ್ಲರನ್ನೂ ದೂರ ಕಳಿಸಿ, ಮೇಂಟೆನೆನ್ಸ್‌ನ ಹಿರಿಯರೊಬ್ಬರು ಚಿಕ್ಕ ಬಂಗನ್ನು ಎಳ್ಳಷ್ಟು ಎಳ್ಳಷ್ಟೇ ಸಡಿಲ ಮಾಡಿದರು. ಬುಸ್ ಅನ್ನುವ ಆ ಸದ್ದು ಇನ್ನೂ ಕಿವಿಯಲ್ಲಿದೆ.

ಹೊಸ ಬ್ಯಾರಲ್ ಕೊಳ್ಳುವವರು ಬಣ್ಣ ನೋಡುತ್ತಾರೆ, ನೆಗ್ಗಿದೆಯಾ ಅಂತ ನೋಡುತ್ತಾರೆ, ರೇಟು ಕೇಳುತ್ತಾರೆ. ತಲೆಯ ಮೇಲೋ ಮೈಮೇಲೋ ಇರುವ ಅಕ್ಷರ ಯಾರೂ ಓದುವುದಿಲ್ಲ. ಅಪಾಯಕಾರಿ ಸರಕಿಗೆ ಅಂತ ಪರೀಕ್ಷೆಯಾದ ಬ್ಯಾರಲ್ ಮೇಲೆ ಯುಎನ್ (ವಿಶ್ವಸಂಸ್ಥೆ) ಗುರುತು ಇರುತ್ತದೆ. 1ಎ1 ಅಂದರೆ ತಲೆ ಬಿಚ್ಚಲು ಬಾರದ್ದು, ಎರಡು ಬಂಗ್ ಇರುವಂಥದ್ದು, ಎಣ್ಣೆ ತಿನ್ನರಿನಂಥ ದ್ರವಕ್ಕೆ. ಸಾಮಾನ್ಯವಾಗಿ ಒಂದು ಬಂಗ್ ಎರಡು ಇಂಚು, ಇನ್ನೊಂದು ಮುಕ್ಕಾಲು ಇಂಚು. 1ಎ2 ಅಂದರೆ ಇಡೀ ತಲೆ ತೆಗೆಯಬಹುದಾದದ್ದು, ಸುತ್ತ ರಿಂಗು ಹಾಕಿ ಬಿಗಿಯುವಂಥದ್ದು, ಪುಡಿಗೆ, ಗ್ರೀಸಿನಂಥ ಮಂದ ಸರಕಿಗೆ. ಮಾವಿನ ತಿರುಳು ಚೀಲದಲ್ಲಿ ತುಂಬಿ ರಫ್ತಾಗುವುದೂ ಇಂಥ ಬಾಯಿ ತೆರೆದ ಬ್ಯಾರಲ್‌ನಲ್ಲೇ. ಆಮೇಲೆ ಎಕ್ಸ್, ವೈ, ಝಡ್ ಪೈಕಿ ಒಂದು ಅಕ್ಷರ. ಎಕ್ಸ್ ಇದ್ದರೆ ತುಂಬಾ ಅಪಾಯದ ಸರಕಿಗೂ ಆಗುತ್ತದೆ, ಝಡ್ ಇದ್ದರೆ ಕಡಿಮೆ ಅಪಾಯದ್ದಕ್ಕೆ ಮಾತ್ರ. ನಮ್ಮ ತಮ್ಮನಿಗೆ ಬಾಯಿ ತೆರೆದ ಬ್ಯಾರಲ್ಲೇ ಬೇಕಿದ್ದರೆ ಅದೇ ಸಿಗುತ್ತದೆ. ಕೊಯ್ಯುವ ಮಾತೇ ಬರುವುದಿಲ್ಲ.

ಇನ್ನು ಇಡುವ ರೀತಿ. ಒಂದು ಮಳೆಗಾಲದಲ್ಲಿ ನಮ್ಮ ಪ್ರೆಸ್‌ಗಳ ಪಂಪು ಒಂದರ ಹಿಂದೆ ಒಂದು ಕೆಟ್ಟವು. ಹೈಡ್ರಾಲಿಕ್ ಎಣ್ಣೆಯನ್ನು ಗಾಜಿನ ಬಾಟಲಿಗೆ ಹಿಡಿದರೆ ಹಾಲು ಜಾಸ್ತಿಯಾದ ಟೀ ಥರ ಇತ್ತು. ‘ಸಪ್ಲೈಯರ್ ನೀರು ಬೆರೆಸಿದ್ದಾನೆ’ ಅಂತ ಪರ್ಚೇಸ್‌ನವರು ಕೂಗಾಡಿದರು. ನನಗೆ ಅನುಮಾನ ಬಂದು ಹಿತ್ತಲಿಗೆ ಹೋಗಿ ನೋಡಿದೆ. ಶೆಡ್‌ನಲ್ಲಿ ಜಾಗ ಇಲ್ಲ ಅಂತ ಒಂಬತ್ತು ಬ್ಯಾರಲ್ ಹೊರಗೆ ನಿಲ್ಲಿಸಿದ್ದೆವು. ಬ್ಯಾರಲ್ಲಿನ ತಲೆಗೆ ಸುತ್ತ ಅಂಚು ಇರುತ್ತದಲ್ಲ, ಒಂಬತ್ತರ ಮೇಲೂ ಬೆರಳು ದಪ್ಪ ಮಳೆನೀರು. ಅದರಲ್ಲಿ ಬಂಗ್ ಮುಳುಗಿ ಕೂತಿದೆ. ಹಗಲು ಬಿಸಿಲು ಬಿದ್ದಾಗ ಒಳಗಿನ ಗಾಳಿ ಹಿಗ್ಗಿ ವಾಷರ್ ಪಕ್ಕದಿಂದ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಬ್ಯಾರಲ್ ಉಸಿರು ಎಳೆದುಕೊಳ್ಳುತ್ತದೆ. ಆಗ ಗಾಳಿಯ ಬದಲು ಬಂಗಿನ ಮೇಲಿರುವ ನೀರೇ ಒಳಗೆ ಇಳಿಯುತ್ತದೆ. ದಿನಾ ಒಂದೊಂದು ಗುಟುಕು. ನಾವು ಸಪ್ಲೈಯರ್ ಹತ್ತಿರ ಕ್ಷಮೆ ಕೇಳಲಿಲ್ಲ ಅನ್ನುವುದು ನನಗೆ ಇವತ್ತಿಗೂ ನಾಚಿಕೆ.

ಅವತ್ತಿಂದ ಹೊರಗೆ ಇಡಲೇಬೇಕಾದರೆ ಮರದ ಪಟ್ಟಿಯ ಮೇಲೆ ಅಡ್ಡ ಮಲಗಿಸಿ ಇಡಿಸಿದೆ. ಎರಡು ಬಂಗೂ ಗಡಿಯಾರದ 9 ಮತ್ತು 3ರ ಜಾಗದಲ್ಲಿ ಬರಬೇಕು. ಆಗ ಒಳಗಿನಿಂದ ಎಣ್ಣೆಯೇ ವಾಷರ್‌ಗೆ ಒತ್ತಿಕೊಂಡಿರುತ್ತದೆ, ಗಾಳಿ ನೀರು ಒಳಗೆ ಹೋಗಲು ದಾರಿ ಇಲ್ಲ. ತಿನ್ನರಿನಂಥದ್ದು ಮಾತ್ರ ಯಾವತ್ತೂ ನೆರಳಲ್ಲೇ. ಅದನ್ನು ಬಗ್ಗಿಸುವಾಗ ಬ್ಯಾರಲ್‌ನಿಂದ ಕೆಳಗಿನ ಡಬ್ಬಕ್ಕೆ ಒಂದು ತಂತಿ, ಬ್ಯಾರಲ್‌ನಿಂದ ಅರ್ತಿಂಗಿಗೆ ಇನ್ನೊಂದು. ಕ್ಲಿಪ್ ಪೇಂಟಿನ ಮೇಲೆ ಅಲ್ಲ, ಕೆರೆದ ಬರೀ ತಗಡಿನ ಮೇಲೆ ಕಚ್ಚಿರಬೇಕು. ಸುರಿಯುವಾಗಲೇ ಹುಟ್ಟುವ ಸ್ಥಿರ ವಿದ್ಯುತ್ತಿನ ಕಿಡಿಗೆ ಬೆಂಕಿಕಡ್ಡಿ ಬೇಕಿಲ್ಲ, ಆ ವಿದ್ಯುತ್ತು ಹರಿದುಹೋಗಲೆಂದೇ ಈ ತಂತಿ. ಇನ್ನು ಲಾರಿಯಿಂದ ತುಂಬಿದ ಬ್ಯಾರಲ್ಲನ್ನು ಹಳೇ ಟೈರಿನ ಮೇಲೆ ಧೊಪ್ ಅಂತ ಕೆಡಹುವುದನ್ನು ನಿಲ್ಲಿಸಲು ನನಗೆ 27 ವರ್ಷದಲ್ಲೂ ಆಗಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಪತ್ರಿಕೆಗೆ ಬರೆಯುತ್ತಿರುವುದರಿಂದ ಒಂದು ಮಾತು. ಈ ಬ್ಯಾರಲ್ಲಿನ ಕತೆಯಲ್ಲಿ ನಿಮ್ಮ ಕಸುಬಿನವರೇ ಒಬ್ಬರಿದ್ದಾರೆ. 1889ರಲ್ಲಿ ಹೊರಟು 72 ದಿನದಲ್ಲಿ ಭೂಮಿ ಸುತ್ತಿ ಬಂದ ಅಮೆರಿಕದ ಪತ್ರಕರ್ತೆ ನೆಲ್ಲಿ ಬ್ಲೈ. ಆಮೇಲೆ ಗಂಡನ ಕಾರ್ಖಾನೆ ಅವರ ಕೈಗೆ ಬಂತು. ಅಲ್ಲಿ ಕೆಲಸಕ್ಕಿದ್ದ ಹೆನ್ರಿ ವೆರ್ಹಾನ್ ರೂಪಿಸಿದ ಲೋಹದ ಬ್ಯಾರಲ್ಲಿನ ಪೇಟೆಂಟ್ 1905ರಲ್ಲಿ ಅವರಿಗೆ ಸೇರಿತು. ನನಗೆ ಇದು ಗೊತ್ತಾಗಿದ್ದು ನಿವೃತ್ತಿ ಆದ ಮೇಲೆ. ಮೊದಲೇ ಗೊತ್ತಿದ್ದರೆ ‘ಸ್ಟೋರ್ಸಿಗೆ ಹೆಂಗಸಾ’ ಅಂದವರಿಗೆ ಹೇಳಬಹುದಿತ್ತು.

ಈಗ ನನ್ನ ಕೇಳಿಕೆ. ಅಪಾಯದ ರಾಸಾಯನಿಕ ಅಂಟಿದ ಖಾಲಿ ಬ್ಯಾರಲ್ ಕೂಡ ಅಪಾಯಕಾರಿ ತ್ಯಾಜ್ಯವೇ ಅಂತ 2016ರ ಕೇಂದ್ರದ ನಿಯಮದಲ್ಲಿ ಬರೆದಿದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗಷ್ಟೇ ಅದನ್ನು ಕೊಡಬೇಕು. ಅವರು ಅದನ್ನು ಸರಿಯಾಗಿ ತೊಳೆದು, ನೆಗ್ಗು ತೆಗೆದು, ಸೋರಿಕೆ ನೋಡಿ ಮತ್ತೆ ಬಳಕೆಗೆ ಕೊಡುತ್ತಾರೆ. ಆದರೆ ನಡೆಯುವುದೇನು? ವರ್ಷದ ಕೊನೆಗೆ ಜಾಗ ಖಾಲಿ ಮಾಡಬೇಕು, ಗುಜರಿಯವನು ಕೈಗೆ ದುಡ್ಡು ಕೊಡುತ್ತಾನೆ. ಗೇಟ್ ದಾಟಿದ ಕೂಡಲೇ ಲೇಬಲ್ ಕೆರೆದು ಬೀಳುತ್ತದೆ. ಅಲ್ಲಿಂದ ಅದು ಬಚ್ಚಲಿಗೋ, ತೋಟಕ್ಕೋ, ಕಟ್ಟಡ ಕೆಲಸದವರ ಕುಡಿಯುವ ನೀರಿಗೋ ಹೋಗುತ್ತದೆ. ಕಾರ್ಖಾನೆಯವರಿಗೆ ಕೈಮುಗಿದು ಕೇಳುತ್ತೇನೆ, ಲೇಬಲ್ ಕೆರೆಯಬೇಡಿ, ಕೆರೆಯಲು ಬಿಡಬೇಡಿ. ಬಂಗ್ ಬಿಗಿ ಮಾಡಿಯೇ ಕಳಿಸಿ.

ತಮ್ಮ ಬೋರ್ಡೋಗೆ ನೀಲಿ ಪ್ಲಾಸ್ಟಿಕ್ ಡ್ರಮ್ ತಂದಿದ್ದಾನೆ, ಹೊಸದು. ಆದರೆ ಆ ಕಬ್ಬಿಣದ ಬ್ಯಾರಲ್ಲಿಗೆ ಅವನು ಆಗಲೇ ದುಡ್ಡು ಕೊಟ್ಟಾಗಿತ್ತು. ಗುಜರಿಯವನು ವಾಪಸ್ ತಗೊಳ್ಳಲು ಒಪ್ಪುತ್ತಿಲ್ಲ. ಬಂಗ್ ಬಿಗಿ ಮಾಡಿ, ಕೊಟ್ಟಿಗೆಯಿಂದ ದೂರ, ಹಲಸಿನ ಮರದ ಕೆಳಗೆ ಇಟ್ಟಿದ್ದಾನೆ. ‘ಇದನ್ನ ಯಾರಿಗೆ ಕೊಡ್ಲಿ ಅಕ್ಕಾ?’ ಅಂತ ದಿನಾ ಕೇಳುತ್ತಾನೆ. ಪೀಣ್ಯದಲ್ಲಾದರೆ ಹೇಳುತ್ತಿದ್ದೆ. ತಾಲ್ಲೂಕಿಗೊಂದು ಇಂಥ ಜಾಗ ಎಲ್ಲಿದೆ ಅಂತ ಮಾಲಿನ್ಯ ನಿಯಂತ್ರಣ ಮಂಡಳಿಯವರು ನಿಮ್ಮ ಪತ್ರಿಕೆಯಲ್ಲೇ ತಿಳಿಸಿದರೆ ಅವನಿಗೆ ಓದಿ ಹೇಳುತ್ತೇನೆ.

— ನಿವೃತ್ತ ಸ್ಟೋರ್‌ಕೀಪರ್, ದಾಸರಹಳ್ಳಿ, ಬೆಂಗಳೂರು