27ರ ಶಾಪದ ಕತೆ ಸಾಕು, ಸತ್ತ ಕಾರಣ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ರಾಕ್ ತಾರೆಯರ '27ರ ಶಾಪ'ದ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿ ಓದಿಸಿಕೊಂಡು ಹೋಗುತ್ತದೆ, ಇಲ್ಲ ಅನ್ನಲ್ಲ. ಜಿಮಿ ಹೆಂಡ್ರಿಕ್ಸ್, ಜಾನಿಸ್ ಜಾಪ್ಲಿನ್, ಜಿಮ್ ಮಾರಿಸನ್, ಕರ್ಟ್ ಕೋಬೇನ್, ಏಮಿ ವೈನ್‌ಹೌಸ್, ಎಲ್ಲರೂ 27ನೇ ವಯಸ್ಸಿಗೇ ಹೋದರು, ಇದರ ಹಿಂದೆ ಏನೋ ಇರಲೇಬೇಕು ಅನ್ನುವ ಧಾಟಿ. ನೀವೊಬ್ಬರೇ ಅಲ್ಲ, ಯಾವ ಪತ್ರಿಕೆ ತೆಗೆದರೂ ಆಗಾಗ ಇದೇ ಪಟ್ಟಿ, ಇದೇ ಕಪ್ಪು ಬಿಳುಪು ಫೋಟೋಗಳು. ನನ್ನ ತಕರಾರು ಇಷ್ಟೇ. ಇವರೆಲ್ಲ ಹೇಗೆ ಸತ್ತರು ಅನ್ನೋದು ಬಹುಪಾಲು ದಾಖಲೆಯಲ್ಲಿದೆ. ಅದನ್ನು ಬಿಟ್ಟು ಶಾಪ, ವಿಧಿ, ದೆವ್ವ ಅಂತ ಬರೆದರೆ ಯಾರು ತಪ್ಪಿಸಿಕೊಳ್ಳುತ್ತಾರೆ ಅಂತ ಒಮ್ಮೆ ಯೋಚಿಸಿ. ಮಾತ್ರೆ ಬರೆದುಕೊಟ್ಟ ಡಾಕ್ಟರು ತಪ್ಪಿಸಿಕೊಳ್ಳುತ್ತಾರೆ, ದುಡ್ಡು ನುಂಗಿದ ಮ್ಯಾನೇಜರ್ ತಪ್ಪಿಸಿಕೊಳ್ಳುತ್ತಾನೆ, ಹೆಂಡತಿಗೆ ಹೊಡೆದ ಗಂಡನೂ ತಪ್ಪಿಸಿಕೊಳ್ಳುತ್ತಾನೆ.

ಹೆಂಡ್ರಿಕ್ಸ್ 1970ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಸತ್ತದ್ದು ನಿದ್ದೆ ಮಾತ್ರೆ ಜಾಸ್ತಿಯಾಗಿ, ವಾಂತಿ ಶ್ವಾಸನಾಳಕ್ಕೆ ಹೋಗಿ. ಎರಡು ವಾರ ಕಳೆದು ಜಾಪ್ಲಿನ್, ಹೆರಾಯಿನ್‌ನಿಂದ. ಮರುವರ್ಷ ಮಾರಿಸನ್, ಪ್ಯಾರಿಸ್ಸಿನ ಬಾತ್‌ಟಬ್ಬಿನಲ್ಲಿ. ಅಲ್ಲಿ ಮರಣೋತ್ತರ ಪರೀಕ್ಷೆಯೇ ನಡೆಯಲಿಲ್ಲ, ಆತ ಇನ್ನೂ ಬದುಕಿದ್ದಾನೆ ಅನ್ನುವವರಿಗೆ ಅಷ್ಟೇ ಸಾಕಾಯಿತು. 2011ರಲ್ಲಿ ವೈನ್‌ಹೌಸ್ ಸತ್ತಾಗ ಆಕೆಯ ರಕ್ತದಲ್ಲಿ ಇದ್ದ ಮದ್ಯ, ಕುಡಿದು ಗಾಡಿ ಓಡಿಸಲು ಬ್ರಿಟನ್ನಿನ ಕಾನೂನು ಬಿಡುವ ಮಿತಿಯ ಐದು ಪಟ್ಟು. ಇದರಲ್ಲಿ ನಿಗೂಢ ಏನಿದೆ?

ಆ 27ರ ಲೆಕ್ಕವನ್ನೂ ಮುಗಿಸಿಬಿಡೋಣ. 2011ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂತು. 1956ರಿಂದ 2007ರವರೆಗೆ ಬ್ರಿಟನ್ನಿನಲ್ಲಿ ನಂಬರ್ ಒನ್ ಆಲ್ಬಂ ಕೊಟ್ಟ 1,046 ಸಂಗೀತಗಾರರನ್ನು ತೆಗೆದುಕೊಂಡು, ಅವರಲ್ಲಿ ಯಾರು ಯಾವ ವಯಸ್ಸಿಗೆ ತೀರಿಕೊಂಡರು ಅಂತ ನೋಡಿದರು. 27ರಲ್ಲಿ ಏನೂ ವಿಶೇಷ ಕಾಣಲಿಲ್ಲ. ಆದರೆ ಇಪ್ಪತ್ತು, ಮೂವತ್ತರ ಪ್ರಾಯದಲ್ಲಿ ಸಾಯುವ ಸಾಧ್ಯತೆ ಮಾತ್ರ ಅಲ್ಲಿನ ಸಾಮಾನ್ಯ ಜನರಿಗಿಂತ ಎರಡು ಮೂರು ಪಟ್ಟು ಜಾಸ್ತಿ ಇತ್ತು. ಅಂದರೆ 26ಕ್ಕೂ ಸಾಯುತ್ತಾರೆ, 32ಕ್ಕೂ ಸಾಯುತ್ತಾರೆ. ಸುದ್ದಿ ಆಗಬೇಕಾದ್ದು ಇದು ಅಲ್ವಾ? ಆದರೆ '27' ಅಂದರೆ ತಲೆಬರಹಕ್ಕೆ ಚೆಂದ.

ಈ ಪಟ್ಟಿಯಲ್ಲಿ ರಾಕ್ ಹುಟ್ಟುವ ಮೊದಲೇ ಸತ್ತ ಬ್ಲೂಸ್ ಹಾಡುಗಾರ ರಾಬರ್ಟ್ ಜಾನ್ಸನ್ನನನ್ನೂ ಎಳೆದು ತರುತ್ತಾರೆ. ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿ ಗಿಟಾರ್ ವಿದ್ಯೆ ಪಡೆದ ಅನ್ನುವ ಕತೆ ನಿಮ್ಮ ಬರಹದಲ್ಲೂ ಇದೆ. ಆ ಕತೆಯನ್ನು ಮೊದಲು ಹೇಳುತ್ತಿದ್ದದ್ದು ಟಾಮಿ ಜಾನ್ಸನ್ ಅನ್ನುವ ಬೇರೆಯೇ ಹಾಡುಗಾರನ ಬಗ್ಗೆ. ಆಮೇಲೆ ಅದು ರಾಬರ್ಟನ ತಲೆಗೆ ಬಂತು. ಆತ ನಿಜವಾಗಿ ಮಾಡಿದ್ದು ಐಕ್ ಜಿಮ್ಮರ್‌ಮನ್ ಎಂಬ ಗಿಟಾರ್ ವಾದಕನ ಬಳಿ ಕೂತು ಕಲಿತದ್ದು. 1938ರ ಆಗಸ್ಟ್ 16ರಂದು ಮಿಸಿಸಿಪ್ಪಿಯ ಗ್ರೀನ್‌ವುಡ್ ಹತ್ತಿರ ಸತ್ತ. ಮರಣ ಪ್ರಮಾಣಪತ್ರ ಸಿಕ್ಕಿದ್ದು ಮೂವತ್ತು ವರ್ಷದ ಮೇಲೆ. ಅದರಲ್ಲಿ ಸಾವಿನ ಕಾರಣ ಬರೆಯಬೇಕಾದ ಜಾಗದಲ್ಲಿ ಏನಿದೆ ಗೊತ್ತಾ? 'ಡಾಕ್ಟರ್ ಇಲ್ಲ.' ಅಷ್ಟೇ. ಆ ಕಾಲದ ಮಿಸಿಸಿಪ್ಪಿಯಲ್ಲಿ ಒಬ್ಬ ಕಪ್ಪು ಹುಡುಗ ನರಳಿ ಸತ್ತರೆ ನೋಡಲು ಒಬ್ಬ ಡಾಕ್ಟರ್ ಬರಲಿಲ್ಲ. ಸೈತಾನನ ಕತೆಗಿಂತ ಇದು ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಕೆಲವು ದಂತಕತೆಗಳು ತಾವಾಗಿಯೇ ಬೆಳೆಯುತ್ತವೆ. ಕೆಲವನ್ನು ಕೂತು ತಯಾರು ಮಾಡುತ್ತಾರೆ. ಮಾಮಾಸ್ ಅಂಡ್ ದಿ ಪಾಪಾಸ್ ತಂಡದ ಗಾಯಕಿ ಕ್ಯಾಸ್ ಎಲಿಯಟ್ 1974ರ ಜುಲೈನಲ್ಲಿ ಲಂಡನ್ನಿನ ಒಂದು ಫ್ಲ್ಯಾಟಿನಲ್ಲಿ ತೀರಿಕೊಂಡಳು. 32 ವರ್ಷ. ಸ್ಯಾಂಡ್‌ವಿಚ್ ಗಂಟಲಲ್ಲಿ ಸಿಕ್ಕಿ ಸತ್ತಳು ಅಂತ ಸುದ್ದಿ ಹಬ್ಬಿತು. ದಪ್ಪಗಿದ್ದ ಹೆಂಗಸು ನೋಡಿ, ಜನಕ್ಕೆ ನಗಲು ಸಿಕ್ಕಿತು. ಮರಣೋತ್ತರ ಪರೀಕ್ಷೆಯಲ್ಲಿ ಶ್ವಾಸನಾಳದಲ್ಲಿ ಆಹಾರವೇ ಇರಲಿಲ್ಲ, ಹೋದದ್ದು ಹೃದಯದ ತೊಂದರೆಯಿಂದ. ಎಷ್ಟೋ ವರ್ಷ ಆದಮೇಲೆ ಆಕೆಯ ಪತ್ರಕರ್ತ ಗೆಳತಿಯೊಬ್ಬಳು ಬಾಯಿಬಿಟ್ಟಳು: ಡ್ರಗ್ಸ್ ಅನ್ನುವ ಮಾತು ಬರಬಾರದು ಅಂತ ಮ್ಯಾನೇಜರೇ ಹಾಗೆ ಬರೆಯಲು ಹೇಳಿದ್ದ, ನಾನು ಬರೆದೆ. ಸಂಪಾದಕರೇ, ಇದನ್ನು ಮಾಡಿದ್ದು ಒಂದು ಪತ್ರಿಕೆ. ಕ್ಯಾಸ್ ಸತ್ತಾಗ ಆಕೆಯ ಮಗಳಿಗೆ 7 ವರ್ಷ. ಅಮ್ಮನ ಸಾವಿನ ಮೇಲಿನ ಜೋಕು ಕೇಳುತ್ತಲೇ ಆ ಮಗು ದೊಡ್ಡದಾಯಿತು. 1968ರಲ್ಲಿ ಲಾಸ್ ವೇಗಾಸ್ ಕಾರ್ಯಕ್ರಮಕ್ಕೆ ಮೊದಲು ಉಪವಾಸ ಬಿದ್ದು ಸುಮಾರು 100 ಪೌಂಡ್ ತೂಕ ಇಳಿಸಿ ಕ್ಯಾಸ್ ಹಾಸಿಗೆ ಹಿಡಿದಿದ್ದಳು ಅನ್ನೋದು ಮಾತ್ರ ಯಾರಿಗೂ ನೆನಪಿಲ್ಲ.

ನಾಲ್ಕು ವರ್ಷದ ನಂತರ ಅದೇ ಫ್ಲ್ಯಾಟಿನಲ್ಲಿ ದಿ ಹೂ ಬ್ಯಾಂಡಿನ ಡ್ರಮ್ಮರ್ ಕೀತ್ ಮೂನ್ ಸತ್ತ. ಅವನಿಗೂ 32. ತಗೊಳ್ಳಿ, 'ಶಾಪಗ್ರಸ್ತ ಫ್ಲ್ಯಾಟ್' ಅಂತ ಇನ್ನೊಂದು ಕತೆ ಶುರು. ಮೂನ್ ಕುಡಿತ ಬಿಡಬೇಕು ಅಂತ ಹೊರಟಿದ್ದ. ಅದಕ್ಕೆ ಡಾಕ್ಟರ್ ಹೆಮಿನೆವ್ರಿನ್ ಅನ್ನುವ ಮಾತ್ರೆ ಕೊಟ್ಟರು. ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಇಟ್ಟುಕೊಂಡು, ಕಣ್ಣೆದುರೇ ಕೊಡುವ ಔಷಧಿ ಅದು. ಹೋಟೆಲ್ ಕೋಣೆಗಳನ್ನು ಪುಡಿಗಟ್ಟುವುದಕ್ಕೇ ಹೆಸರಾದ, ಯಾವುದರಲ್ಲೂ ಅಳತೆ ಗೊತ್ತಿಲ್ಲದ ಮನುಷ್ಯನ ಕೈಗೆ 100 ಮಾತ್ರೆಯ ಬಾಟಲಿ ಕೊಟ್ಟು ದಿನಕ್ಕೆ ಮೂರು ದಾಟಬೇಡ ಅಂದರೆ ಏನಾಗುತ್ತದೆ? ಹೊಟ್ಟೆಯಲ್ಲಿ 32 ಮಾತ್ರೆ ಸಿಕ್ಕವು.

ಎಲ್ವಿಸ್ ಪ್ರೆಸ್ಲಿ ವಿಷಯವೂ ಅದೇ ದಾರಿ. ಆತ ಸತ್ತಿಲ್ಲ, ಎಲ್ಲೋ ಅಡಗಿದ್ದಾನೆ ಅಂತ ಬರೆಯುವವರಿಗೆ ಬರವಿಲ್ಲ. 1977ರ ಮೊದಲ ಎಂಟು ತಿಂಗಳಲ್ಲಿ ಅವನ ಹೆಸರಿಗೆ ಅವನ ಖಾಸಗಿ ಡಾಕ್ಟರ್ ಬರೆದುಕೊಟ್ಟ ನಿದ್ದೆ, ನೋವು, ಉತ್ತೇಜಕ ಔಷಧಿಗಳು 10,000 ಡೋಸ್‌ಗಿಂತ ಜಾಸ್ತಿ. ಕ್ರಿಮಿನಲ್ ಕೇಸಿನಲ್ಲಿ ಡಾಕ್ಟರ್ ಖುಲಾಸೆಯಾದರು, ಲೈಸೆನ್ಸ್ ಕೊನೆಗೂ ರದ್ದಾದದ್ದು 1990ರ ದಶಕದಲ್ಲಿ. ಮ್ಯಾನೇಜರ್ ಕರ್ನಲ್ ಪಾರ್ಕರ್ ಆದಾಯದಲ್ಲಿ ಅರ್ಧದವರೆಗೂ ತೆಗೆದುಕೊಳ್ಳುತ್ತಿದ್ದ. ಆಗಸ್ಟ್ 16ರಂದು ಎಲ್ವಿಸ್ ಬಚ್ಚಲಲ್ಲಿ ಬಿದ್ದು ಸತ್ತನಲ್ಲ, ಅದೇ ರಾತ್ರಿ ವಿಮಾನ ಹತ್ತಿ ಮರುದಿನ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಹಾಡಬೇಕಿತ್ತು. ಅಷ್ಟು ಹದಗೆಟ್ಟ ಮೈ ಇಟ್ಟುಕೊಂಡು ಮತ್ತೊಂದು ಟೂರ್! ಕರೆಯುವ ಹಾಲು ಇರುವವರೆಗೆ ಹಸುವಿನ ಕಾಯಿಲೆ ಯಾರಿಗೆ ಬೇಕು.

ಇನ್ನು ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಹೆಸರು. ಪೀಟ್ ಹ್ಯಾಮ್. ಬೀಟಲ್ಸ್‌ನವರ ಆಪಲ್ ಕಂಪನಿಯಲ್ಲಿ ಹಾಡುತ್ತಿದ್ದ ಬ್ಯಾಡ್‌ಫಿಂಗರ್ ತಂಡದವನು. ಇವನೂ 27ಕ್ಕೇ ಹೋದ, 28 ತುಂಬಲು ಮೂರು ದಿನ ಇರುವಾಗ. ಆದರೂ ಪಟ್ಟಿಯಲ್ಲಿ ಜಾಗ ಸಿಗುವುದು ಅಪರೂಪ, ಯಾಕಂದರೆ ಇವನ ಸಾವಿನಲ್ಲಿ ಮಾದಕವಾದದ್ದು ಏನೂ ಇಲ್ಲ, ಇರುವುದು ಬ್ಯಾಂಕ್ ಖಾತೆ. ಇವನೂ ಜೊತೆಗಾರ ಟಾಮ್ ಇವಾನ್ಸ್‌ನೂ ಬರೆದ 'ವಿತೌಟ್ ಯೂ' ಹಾಡನ್ನು ಹ್ಯಾರಿ ನಿಲ್ಸನ್ ಹಾಡಿ 1972ರಲ್ಲಿ ಅಮೆರಿಕ, ಬ್ರಿಟನ್ ಎರಡೂ ಕಡೆ ನಂಬರ್ ಒನ್ ಮಾಡಿದ. (ಕ್ಯಾಸ್, ಮೂನ್ ಸತ್ತ ಆ ಫ್ಲ್ಯಾಟೂ ಇದೇ ನಿಲ್ಸನ್ನನದು, ಈ ಲೋಕ ಅಷ್ಟು ಚಿಕ್ಕದು.) ಇಷ್ಟಾದರೂ ಬರೆದವನ ಕೈಯಲ್ಲಿ ದುಡ್ಡಿಲ್ಲ. ತಂಡದ ಹಣವೆಲ್ಲ ಮ್ಯಾನೇಜರ್ ಸ್ಟಾನ್ ಪೋಲಿಯ ಹಿಡಿತದಲ್ಲಿತ್ತು. ರೆಕಾರ್ಡ್ ಕಂಪನಿ ಕೊಟ್ಟ ಮುಂಗಡದ ಲೆಕ್ಕ ಸಿಗದೆ ಕಂಪನಿಯೇ ಕೋರ್ಟಿಗೆ ಹೋಯಿತು, ಹೊಸ ಆಲ್ಬಂ ಅನ್ನು ಅಂಗಡಿಗಳಿಂದ ವಾಪಸ್ ತೆಗೆಯಿತು, ಹುಡುಗರ ಸಂಬಳ ನಿಂತಿತು. ಹ್ಯಾಮ್ ಹೊಸದಾಗಿ ಮನೆ ಕೊಂಡಿದ್ದ. ಸಂಗಾತಿ ತುಂಬು ಗರ್ಭಿಣಿ. 1975ರ ಏಪ್ರಿಲ್‌ನಲ್ಲಿ ಪ್ರಾಣ ಕಳೆದುಕೊಂಡ. ಬರೆದಿಟ್ಟ ಚೀಟಿಯಲ್ಲಿ ಮ್ಯಾನೇಜರನ ಹೆಸರು ಹಿಡಿದು ಬೈದಿದ್ದಾನೆ. ಒಂದು ತಿಂಗಳಿಗೆ ಮಗಳು ಹುಟ್ಟಿದಳು. ಅದೇ ಹಾಡಿನ ರಾಯಲ್ಟಿ ಜಗಳ ಮುಗಿಯದೆ 1983ರಲ್ಲಿ ಇವಾನ್ಸ್ ಕೂಡ ಅದೇ ದಾರಿ ಹಿಡಿದ. ಮುಂದೆ 1994ರಲ್ಲಿ ಮರಾಯಾ ಕ್ಯಾರಿ ಹಾಡಿದಾಗ ಅದು ಬ್ರಿಟನ್ನಿನಲ್ಲಿ ಮತ್ತೊಮ್ಮೆ ನಂಬರ್ ಒನ್. ಆ ಹೊತ್ತಿಗೆ ಬರೆದ ಇಬ್ಬರೂ ಇಲ್ಲ. ಇದಕ್ಕೆ ಶಾಪ ಅಂತ ಹೆಸರಿಟ್ಟರೆ ಕಾಂಟ್ರ್ಯಾಕ್ಟ್ ಓದುವವರು ಯಾರು?

ತಾರೆಯರೆಲ್ಲ ಪಾಪದವರು, ಸುತ್ತಲಿದ್ದವರೇ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅದು ಇನ್ನೊಂದು ಸುಳ್ಳು. ಅಮೆರಿಕದ ರಾಕ್ ಹಾಡುಗಾರ ಜೆರ್ರಿ ಲೀ ಲೂಯಿಸ್ 1958ರಲ್ಲಿ ಲಂಡನ್ನಿಗೆ ಇಳಿದಾಗ ಜೊತೆಯಲ್ಲಿದ್ದ ಹುಡುಗಿ ಯಾರು ಅಂತ ವರದಿಗಾರರು ಕೇಳಿದ್ದಕ್ಕೆ ಗೊತ್ತಾಯಿತು, ಅವಳು ಅವನ ಹೆಂಡತಿ, ಸಂಬಂಧಿಕರ ಮಗಳು, ವಯಸ್ಸು 13. ಕೆಲವೇ ಕಾರ್ಯಕ್ರಮಕ್ಕೆ ಟೂರ್ ರದ್ದಾಯಿತು. ಇವತ್ತಿಗೂ ಈ ಘಟನೆಯನ್ನು 'ಜೆರ್ರಿ ಲೀ ವೃತ್ತಿಗೆ ಬಿದ್ದ ಪೆಟ್ಟು' ಅಂತಲೇ ಬರೆಯುತ್ತಾರೆ. ಪೆಟ್ಟು ಬಿದ್ದದ್ದು ಅವನಿಗಂತೆ! ಐಕ್ ಟರ್ನರ್ ರಾಕ್ ಅಂಡ್ ರೋಲ್ ಹುಟ್ಟುಹಾಕಿದವರಲ್ಲಿ ಒಬ್ಬ, ಸರಿ. ಅವನ ಏಟು ತಿಂದು ತಿಂದು ಸಾಕಾಗಿ ಹೆಂಡತಿ, ಗಾಯಕಿ ಟೀನಾ ಟರ್ನರ್ 1976ರಲ್ಲಿ ಡಲ್ಲಾಸ್‌ನ ಹೋಟೆಲಿನಿಂದ ಓಡಿದಳು. ಕೈಯಲ್ಲಿ ಇದ್ದದ್ದು 36 ಸೆಂಟ್ ಮತ್ತು ಒಂದು ಪೆಟ್ರೋಲ್ ಕಾರ್ಡ್. ಹೆದ್ದಾರಿ ದಾಟಿ ಇನ್ನೊಂದು ಹೋಟೆಲಿಗೆ ಹೋಗಿ, ದುಡ್ಡು ಆಮೇಲೆ ಕೊಡುತ್ತೇನೆ, ಒಂದು ಕೋಣೆ ಕೊಡಿ ಅಂತ ಕೇಳಿದಳು. ವಿಚ್ಛೇದನದಲ್ಲಿ ಹೆಚ್ಚಿನ ಆಸ್ತಿ ಬೇಡ ಅಂದು ವೇದಿಕೆಯ ಹೆಸರನ್ನು ಉಳಿಸಿಕೊಂಡಳು.

ಸಂಗೀತ ನಿರ್ಮಾಪಕ ಫಿಲ್ ಸ್ಪೆಕ್ಟರ್ 2021ರ ಜನವರಿಯಲ್ಲಿ ಸತ್ತಾಗ ಬಿಬಿಸಿ ಏನು ತಲೆಬರಹ ಹಾಕಿತು ಅಂತ ನೀವೂ ನೋಡಿರಬಹುದು. ಪ್ರತಿಭಾವಂತ, ಆದರೆ ದೋಷಗಳಿದ್ದ ನಿರ್ಮಾಪಕ ಅನ್ನುವ ಅರ್ಥದಲ್ಲಿತ್ತು. ದೋಷ ಅಂದರೆ ಲಾನಾ ಕ್ಲಾರ್ಕ್‌ಸನ್ ಎಂಬ ನಟಿಯನ್ನು 2003ರಲ್ಲಿ ತನ್ನ ಮನೆಯಲ್ಲಿ ಗುಂಡಿಟ್ಟು ಕೊಂದದ್ದು. 2009ರಲ್ಲಿ ಕೊಲೆ ಸಾಬೀತಾಗಿ, ಶಿಕ್ಷೆ ಅನುಭವಿಸುತ್ತಲೇ ಸತ್ತವನು. ಓದುಗರು ಉಗಿದ ಮೇಲೆ ಬಿಬಿಸಿ ತಲೆಬರಹ ಬದಲಿಸಿ ಕ್ಷಮೆ ಕೇಳಿತು. ಅಷ್ಟು ದೊಡ್ಡ ಸಂಸ್ಥೆಯಲ್ಲೇ ಹೀಗಾದರೆ ಪುರವಣಿಯ ಗಡಿಬಿಡಿಯಲ್ಲಿ ಆಗುವುದು ದೊಡ್ಡ ವಿಷಯವಲ್ಲ, ಒಪ್ಪುತ್ತೇನೆ. ಆದರೆ ನಿಮ್ಮ ಬರಹದಲ್ಲೂ ಸೆಕ್ಸ್ ಪಿಸ್ಟಲ್ಸ್ ಬ್ಯಾಂಡಿನ ಸಿಡ್ ವಿಷಿಯಸ್‌ನ 'ದುರಂತ ಪ್ರೇಮ' ಅಂತ ಇದೆಯಲ್ಲ, ಆ ಪ್ರೇಮದಲ್ಲಿ ನ್ಯಾನ್ಸಿ ಸ್ಪಂಜನ್ ಎಂಬ 20 ವರ್ಷದ ಹುಡುಗಿ 1978ರಲ್ಲಿ ನ್ಯೂಯಾರ್ಕಿನ ಚೆಲ್ಸಿ ಹೋಟೆಲಿನ ಬಚ್ಚಲಲ್ಲಿ ಚಾಕು ಇರಿತದಿಂದ ಸತ್ತು ಬಿದ್ದಿದ್ದಳು, ಕೊಲೆ ಆರೋಪ ಬಂದದ್ದು ಸಿಡ್ ಮೇಲೆ. ವಿಚಾರಣೆಗೆ ಮುಂಚೆ ಅವನೂ ಹೆರಾಯಿನ್‌ಗೆ ಬಲಿಯಾದ್ದರಿಂದ ತೀರ್ಪು ಬರಲೇ ಇಲ್ಲ. ಇದು ಯಾವ ಸೀಮೆಯ ಪ್ರೇಮಕತೆ?

ಕೊನೆಗೆ ಕೋಬೇನ್ ವಿಷಯ, ಈ ಪತ್ರ ಬರೆಯಲು ಕೂರಿಸಿದ್ದೇ ಅದು. ನಿಮ್ಮ ಬರಹದಲ್ಲಿ ಆತ ಹೇಗೆ ಪ್ರಾಣ ಕಳೆದುಕೊಂಡ ಅನ್ನೋದು ಬಂದೂಕಿನ ವಿವರ ಸಮೇತ ಇದೆ, ಅವನ ಕೊನೆಯ ಪತ್ರದ ಸಾಲನ್ನು ದಪ್ಪಕ್ಷರದಲ್ಲಿ ಎತ್ತಿ ಹಾಕಿದ್ದೀರಿ. ಹದಿನೇಳರ ಹುಡುಗರೂ ಆ ಪುಟ ಓದುತ್ತಾರೆ. ಸಿಯಾಟಲ್‌ನಲ್ಲಿ ಅವನ ಶವ ಸಿಕ್ಕಿದ್ದು 1994ರ ಏಪ್ರಿಲ್ 8ರಂದು. ಎರಡು ದಿನ ಬಿಟ್ಟು ಸಾವಿರಾರು ಅಭಿಮಾನಿಗಳು ಸೇರಿದ ಸಭೆಯಲ್ಲಿ ಅವನ ಹೆಂಡತಿ ಕೋರ್ಟ್ನಿ ಲವ್ ಮಾತಾಡಿದ ಟೇಪ್ ಹಾಕಿದರು. ಅದೇ ಪತ್ರವನ್ನು ಅವಳೂ ಓದುತ್ತಾಳೆ, ಆದರೆ ನಡುನಡುವೆ ನಿಲ್ಲಿಸಿ ಅಳುತ್ತಾಳೆ, ಗಂಡನಿಗೆ ಬಾಯಿತುಂಬ ಬೈಯುತ್ತಾಳೆ. ಕೇಳಿದವರಿಗೆ ಅದರಲ್ಲಿ ವೀರಮರಣ ಕಾಣಲು ಸಾಧ್ಯವೇ ಇರಲಿಲ್ಲ. ಅಲ್ಲಿನ ಪತ್ರಿಕೆ, ಟೀವಿಗಳೂ ಅವನ ಹಾಡನ್ನು ಹೊಗಳಿದವೇ ಹೊರತು ಸಾವನ್ನು ಹೊಗಳಲಿಲ್ಲ, ಸುದ್ದಿಯ ಜೊತೆಗೇ ಸಹಾಯವಾಣಿ ನಂಬರ್ ಕೊಟ್ಟವು. ಆಮೇಲೆ ತಜ್ಞರು ಲೆಕ್ಕ ತೆಗೆದಾಗ ಆ ಪ್ರದೇಶದಲ್ಲಿ ಎಲ್ಲರೂ ಹೆದರಿದ್ದ ಹಾಗೆ ಆತ್ಮಹತ್ಯೆಗಳು ಏರಿರಲಿಲ್ಲ, ಸಹಾಯವಾಣಿಗೆ ಬರುವ ಕರೆಗಳು ಮಾತ್ರ ಏರಿದ್ದವು.

ನಿಮ್ಮ ಪುಟದಲ್ಲಿ ಆ ನಂಬರ್‌ಗೆ ಜಾಗ ಇರಲಿಲ್ಲ. ಮುಂದಿನ ವಾರ ತಿದ್ದುಪಡಿ ಅಂತ ಸಣ್ಣದಾಗಿ ಹಾಕಿದರೂ ನಡೆಯುತ್ತದೆ. ಆನ್‌ಲೈನ್ ಆವೃತ್ತಿಯಲ್ಲಿ ಇನ್ನೂ ಹಾಗೇ ಇರುವ ಆ ಬಂದೂಕಿನ ಪ್ಯಾರಾವನ್ನು ದಯವಿಟ್ಟು ಇವತ್ತೇ ತೆಗೆಸಿ.

ಇಂತಿ,
ನಿಮ್ಮ ಹಳೆಯ ಓದುಗ