ವೆಂಡರ್‌ಗೆ ‘ಓಕೆ’ ಹಾಕುವ ಮುನ್ನ

ಎಲ್ಲರಿಗೂ ನಮಸ್ಕಾರ. ಬಿಲ್ಲಿಂಗ್ ಸಾಫ್ಟ್‌ವೇರ್ ವೆಂಡರ್ ಎರಡನೇ ಸಲ ಗಡುವು ತಪ್ಪಿಸಿದ್ದಾರೆ. ಸಿಟ್ಟು ನನಗೂ ಇದೆ. ಆದರೆ ಇವತ್ತಿನಿಂದ ಯಾರೂ ಅವರಿಗೆ ವಾಟ್ಸಾಪ್‌ನಲ್ಲಿ ‘ಓಕೆ, ಸಿಕ್ತು’ ಅಂತ ಹಾಕಬೇಡಿ. ತಡವಾಗಿ ಕೊಟ್ಟಿದ್ದನ್ನು ತೆಪ್ಪಗೆ ಒಪ್ಪಿಕೊಂಡರೆ, 1872ರ ಭಾರತೀಯ ಕರಾರು ಕಾಯ್ದೆಯ 55ನೇ ಕಲಮಿನ ಪ್ರಕಾರ ಆ ವಿಳಂಬಕ್ಕೆ ಪರಿಹಾರ ಕೇಳುವ ಹಕ್ಕೇ ಕೈತಪ್ಪಬಹುದು. ಒಪ್ಪಿಕೊಳ್ಳುವಾಗಲೇ ‘ಪರಿಹಾರ ಕೇಳುತ್ತೇವೆ’ ಎಂದು ನೋಟಿಸ್ ಕೊಡಬೇಕು. ಆ ಮೇಲ್ ಲೀಗಲ್‌ನವರೇ ಕಳಿಸುತ್ತಾರೆ.

ಟೆಸ್ಟಿಂಗ್‌ನವರು ಪ್ರತಿ ಬಗ್‌ಗೂ ತಾರೀಖು, ಸ್ಕ್ರೀನ್‌ಶಾಟ್ ಸಮೇತ ಟಿಕೆಟ್ ಹಾಕಿ. ಫೋನಲ್ಲಿ ಬೈದಿದ್ದು ಲೆಕ್ಕಕ್ಕಿಲ್ಲ! ಅಕೌಂಟ್ಸ್‌ನವರೇ, ಮೂರನೇ ಕಂತಿನ ಬಿಲ್ ನನ್ನನ್ನು ಕೇಳದೆ ಪಾಸ್ ಮಾಡಬೇಡಿ. ಸೋರ್ಸ್ ಕೋಡ್ ಪ್ರತಿ ನಮ್ಮ ಹತ್ತಿರ ಇದೆಯಾ? ಗೊತ್ತಿದ್ದವರು ಸಂಜೆಯೊಳಗೆ ತಿಳಿಸಿ.